ಬಿಟ್ಟು ಹೋದವರ ಲೆಕ್ಕ

ನೀವು ಬಿಟ್ಟ ಕಂಪನಿಯ ಷೇರು ಎರಡೇ ವರ್ಷದಲ್ಲಿ ಹತ್ತು ಪಟ್ಟಾಯ್ತು ಅಂದ್ಕೊಳ್ಳಿ. ಗೆಳೆಯರು ಕೇಳೋದು ಒಂದೇ: ‘ಇನ್ನೊಂಚೂರು ತಡೀಬಾರದಿತ್ತಾ ಮಾರಾಯಾ?’ ನಿನ್ನೆಯವರೆಗೂ ಸರಿಯಾಗಿದ್ದ ನಿರ್ಧಾರ, ಯಾರದೋ ಗೆಲುವಿನಿಂದ ಇವತ್ತು ತಪ್ಪಾಗಿಬಿಡುತ್ತದೆ. ಇದು ನ್ಯಾಯವಾ?

ಬೀಟಲ್ಸ್ ತಂಡದ ಇಬ್ಬರನ್ನು ನೋಡಿ. ಬೇಸ್ ಗಿಟಾರ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ 1961ರಲ್ಲಿ ಚಿತ್ರಕಲೆಗಾಗಿ ತಾನೇ ತಂಡ ಬಿಟ್ಟ. ಮರುವರ್ಷ 21ನೇ ವಯಸ್ಸಿಗೇ ತೀರಿಕೊಂಡ. ಎರಡು ವರ್ಷ ಡ್ರಮ್ಸ್ ಬಾರಿಸಿದ ಪೀಟ್ ಬೆಸ್ಟ್‌ನನ್ನು 1962ರ ಆಗಸ್ಟ್‌ನಲ್ಲಿ ಹೊರಗೆ ಹಾಕಿದರು. ಸುದ್ದಿ ತಿಳಿಸಿದ್ದು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್, ಜತೆಗಾರರಲ್ಲ. ಅಕ್ಟೋಬರ್‌ನಲ್ಲಿ ತಂಡದ ಮೊದಲ ಸಿಂಗಲ್ ಬಂತು. ಬೆಸ್ಟ್ ಮುಂದೆ ಲಿವರ್‌ಪೂಲ್‌ನಲ್ಲಿ ಸರ್ಕಾರಿ ನೌಕರಿ ಮಾಡಿದ.

ಜಗತ್ತು ಇಬ್ಬರಿಗೂ ಒಂದೇ ‘ಅಯ್ಯೋ ಪಾಪ’ ಹೇಳುತ್ತದೆ. ಆದರೆ ಸಟ್‌ಕ್ಲಿಫ್ ಕಳೆದುಕೊಂಡಿದ್ದೇನು? ಅವನಿಗೆ ಬೇಕಾಗಿದ್ದು ಕುಂಚ. ಬೆಸ್ಟ್‌ಗೆ ಆದದ್ದು ನೋವೇ ಹೌದು. ಆದರೆ ಬೀಟಲ್ಸ್ ಹೆಸರೇ ಮಾಡದಿದ್ದರೂ, ಎದುರು ನಿಂತು ಮಾತಾಡದೆ ಗೆಳೆಯನನ್ನು ಕಳಿಸಿದ್ದು ಅಷ್ಟೇ ತಪ್ಪು. ಖ್ಯಾತಿ ಆ ತಪ್ಪನ್ನು ಎಲ್ಲರಿಗೂ ಕಾಣಿಸಿತು, ಅಷ್ಟೆ. 1995ರಲ್ಲಿ ಹಳೆಯ ಧ್ವನಿಮುದ್ರಣಗಳು ‘ಆಂಥಾಲಜಿ’ಯಲ್ಲಿ ಹೊರಬಂದಾಗ ಬೆಸ್ಟ್‌ಗೂ ಹಣ ಬಂತು. ಅದು ಕರುಣೆಯಲ್ಲ, ಬಾರಿಸಿದ್ದಕ್ಕೆ ಸಿಕ್ಕ ಪಾಲು.

ನಮ್ಮ ಮಲೆನಾಡಿಗೆ ಬನ್ನಿ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಅವರ ಬೆನ್ನಿಗೆ ನಿಂತವರು ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸಕರಾದರು. ಅವರು ತೀರಿಕೊಂಡಿದ್ದು 1972ರಲ್ಲಿ. ಗೇಣಿ ಪದ್ಧತಿಗೆ ಕೊನೆ ಹಾಡಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ‘ಛೆ, ನೋಡೋಕೆ ಇರಬೇಕಿತ್ತು’ ಅಂತ ಹೇಳಬಹುದು. ‘ಅವರ ಬದುಕು ದಂಡವಾಯ್ತು’ ಅಂತ ಯಾರೂ ಹೇಳಲ್ಲ. ಅವರನ್ನು ನಾವು ಮಾಡಿದ ಕೆಲಸದಿಂದ ಅಳೆಯುತ್ತೇವೆ, ಸಿಕ್ಕ ಫಲದಿಂದಲ್ಲ.

ಆದರೆ ಈ ಮಾತನ್ನು ಉಳಿದವರು ಗುರಾಣಿ ಮಾಡಿಕೊಳ್ಳಬಾರದು. ‘ಫಲ ಬಯಸಬೇಡ’ ಅಂತ ಹೋದವನಿಗೆ ಉಪದೇಶ ಹೇಳಿ, ಫಲವನ್ನೆಲ್ಲ ತಾವೇ ಹಂಚಿಕೊಳ್ಳುವುದು ಸುಲಭ. ಕಾಗೋಡಿನಲ್ಲಿ ಜೈಲಿಗೆ ಹೋದ ಎಷ್ಟು ಗೇಣಿದಾರರ ಹೆಸರು ನಮಗೆ ಗೊತ್ತು? ಬಿಟ್ಟು ಹೋದವನಿಗೆ ಪಶ್ಚಾತ್ತಾಪದ ಸಾಲವಿಲ್ಲ. ಸಾಲ ಇರುವುದು ಉಳಿದವರ ಮೇಲೆ: ಅವನು ಮಾಡಿದ ಕೆಲಸವನ್ನು ಅವನ ಹೆಸರಿನಲ್ಲೇ ಬರೆದಿಡುವುದು, ಪಾಲಿದ್ದರೆ ಕೊಡುವುದು.

ಮುಂದಿನ ಸಲ ಹಳೇ ಸಹೋದ್ಯೋಗಿ ಸಿಕ್ಕರೆ ‘ತಡೀಬಾರದಿತ್ತಾ’ ಅನ್ನಬೇಡಿ. ‘ನೀನು ಶುರು ಮಾಡಿದ್ದು ಇನ್ನೂ ನಡೀತಿದೆ’ ಅನ್ನಿ. ನಿಜವಾಗಿದ್ದರೆ, ಆಫೀಸಿನಲ್ಲೂ ಹೇಳಿ.