ಹಳೇ ಫೋಟೊದ ಚೆನ್ನಿಗರು

ಹಳೆಯ ಕಪ್ಪು-ಬಿಳುಪು ಫೋಟೊಗಳಲ್ಲಿರುವ ಗಂಡಸರ ಚೆಲುವನ್ನು ನೋಡುತ್ತ ಕೂರುವುದು ನನಗೆ ಇಷ್ಟ. ಸಂಶೋಧನೆಗೆಂದು ಹಳೇ ಪುಸ್ತಕ, ಕಡತ ತಿರುವುವಾಗ ಬೇಕಾದ ಪುಟ ಬಿಟ್ಟು, ಯಾವುದೋ ಗುಂಪುಚಿತ್ರದ ಎರಡನೇ ಸಾಲಿನಲ್ಲಿ ನಿಂತ ಪೇಟದ ಹುಡುಗನ ಮೇಲೆ ಕಣ್ಣು ನಿಲ್ಲುತ್ತದೆ. ನೀಳ ಮೂಗು, ಬಿಗಿದ ತುಟಿ. ನಗಬೇಡ ಎಂದು ಯಾರೋ ಹೇಳಿರಬೇಕು. ಹಾಸ್ಟೆಲಿನ ಗೆಳತಿಗೆ ಇದನ್ನು ಹೇಳಿದಾಗ ಅವಳು ನೇರವಾಗಿ ಕೇಳಿದಳು: "ಒಬ್ಬ ಹುಡುಗ ಹಳೇ ಕಾಲದ ಹೆಂಗಸರ ಫೋಟೊ ಇಟ್ಕೊಂಡು ಹಿಂಗೇ ನೋಡ್ತಾ ಕೂತ್ರೆ ನೀನು ಸುಮ್ನಿರ್ತೀಯಾ?"

ಸುಮ್ಮನಿರುತ್ತಿರಲಿಲ್ಲ. ಹಾಗಿದ್ದರೆ ನನಗೇಕೆ ರಿಯಾಯಿತಿ?

ಸುಲಭದ ಉತ್ತರವೊಂದು ನಮ್ಮ ಸೀಮೆಯಲ್ಲೇ ಇದೆ. ನನ್ನೂರು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ. ಶಾಲೆಯ ಪ್ರವಾಸವೆಂದರೆ ಬೇಲೂರು, ಹಳೇಬೀಡು. ಬೇಲೂರಿನಲ್ಲಿ ಗೈಡುಗಳು ಮದನಿಕೆಯರ ಬಳೆ, ಸೊಂಟ, ಕನ್ನಡಿ ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಾರೆ. ಮೇಷ್ಟ್ರಾದಿಯಾಗಿ ಎಲ್ಲರೂ ಕತ್ತೆತ್ತಿ ನೋಡುತ್ತಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯೊಳಗೆ ನಿಂತವನ ಹೆಸರನ್ನು ಮಾತ್ರ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಚೆನ್ನಕೇಶವ ಎಂದರೆ ಚೆಲುವನಾದ ಕೇಶವ. ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರಕ್ಕೆ ಬೆತ್ತಲೆ ನಿಂತಿರುವ ಬಾಹುಬಲಿ, ಜೈನರ ನಂಬಿಕೆಯಲ್ಲಿ ಮೊದಲ ಕಾಮದೇವ. ಅಕ್ಕಮಹಾದೇವಿ ಒಲಿದದ್ದೂ ಒಬ್ಬ 'ಚೆನ್ನ'ನಿಗೇ. ಗಂಡನ್ನು ಚೆಲುವ ಎನ್ನಲು ಕನ್ನಡ ಎಂದೂ ನಾಚಿಕೊಂಡಿಲ್ಲ. ಹೆಣ್ಣು ಬಾಯಿಬಿಟ್ಟು ಹಾಗನ್ನಬೇಕಾದರೆ ಅವನು ದೇವರಾಗಿರಬೇಕಿತ್ತು, ಅಷ್ಟೆ.

ಆದರೆ ಇದು ಗೆಳತಿಗೆ ಉತ್ತರವಾಗುವುದಿಲ್ಲ. ಇಷ್ಟು ಶತಮಾನ ಅವರು ನೋಡಿದರು, ಈಗ ನಮ್ಮ ಸರದಿ ಎನ್ನುವುದು ಲೆಕ್ಕ ಚುಕ್ತಾ ಮಾಡುವ ಮಾತು, ನ್ಯಾಯದ ಮಾತಲ್ಲ. ಕಲ್ಲಿಗೆ ನೋಟ ತಾಕುವುದಿಲ್ಲ. ಫೋಟೊದಲ್ಲಿರುವವನು ಮನುಷ್ಯ, ಸತ್ತಿದ್ದಾನೆ, ಬೇಡ ಎನ್ನಲಾರ.

ಫೋಟೊಗ್ರಫಿಯ ಬಗ್ಗೆ ರೋಲಾ ಬಾರ್ತ್ 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲೂಯಿಸ್ ಪೇನ್ ಎಂಬವನ ಚಿತ್ರವಿದೆ. 1865ರಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದದ್ದು. ಕೈಗೆ ಕೋಳ, ಗೋಡೆಗೊರಗಿದ ತಲೆ, ಇಪ್ಪತ್ತೊಂದರ ವಯಸ್ಸು. ಇಂದಿನ ಯಾವ ಸಿನಿಮಾ ನಟನಿಗೂ ಕಮ್ಮಿಯಿಲ್ಲದ ಮುಖ. ಲಿಂಕನ್ ಹತ್ಯೆಯಾದ ರಾತ್ರಿಯೇ ಈತ ಮಂತ್ರಿ ಸೀವರ್ಡ್ ಮನೆಗೆ ನುಗ್ಗಿ, ಹಾಸಿಗೆ ಹಿಡಿದಿದ್ದ ಅವನ ಮುಖಕ್ಕೆ ಚೂರಿ ಹಾಕಿದ್ದ. ಆ ಜುಲೈನಲ್ಲಿ ಗಲ್ಲಾಯಿತು. ಬಾರ್ತ್‌ಗೆ ಅಲ್ಲಿ ಇರಿದದ್ದು ಕಾಲ: ಸಾಯಲಿರುವವನೂ ಸತ್ತುಹೋದವನೂ ಒಂದೇ ಮುಖದಲ್ಲಿರುವುದು. ನನಗೆ ಇರಿಯುವುದು ಬೇರೆ. ಆ ಚಿತ್ರ ನೋಡುವಾಗ ಸೀವರ್ಡ್‌ನ ಸೀಳಿದ ಕೆನ್ನೆ ನೆನಪಿಗೇ ಬರುವುದಿಲ್ಲ. ಕುರೂಪಿಯಾಗಿದ್ದರೆ ಕೊಲೆಗಡುಕ ಎಂದು ಪುಟ ತಿರುವುತ್ತಿದ್ದೆವು. ಚೆಲುವನಾದ್ದರಿಂದ ಅಯ್ಯೋ ಪಾಪ ಎನ್ನುತ್ತೇವೆ.

ಇನ್ನೊಂದು ಬಗೆಯ ಚಿತ್ರಗಳಿವೆ. 1868ರಿಂದ 1875ರವರೆಗೆ ಬ್ರಿಟಿಷರು ಎಂಟು ಸಂಪುಟಗಳಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಹೊರತಂದರು. ಜಾತಿಗೊಂದು, ಬುಡಕಟ್ಟಿಗೊಂದು ಮಾದರಿ, ಕೆಳಗೊಂದು ಷರಾ. ಅಲ್ಲೂ ಚೆಲುವರಿದ್ದಾರೆ. ಅವರನ್ನು ಮೆಚ್ಚುವುದು ಆ ಷರಾವನ್ನು ಧಿಕ್ಕರಿಸಿದಂತೆ ಎಂದು ಒಮ್ಮೆ ವಾದಿಸಬೇಕೆನಿಸಿತ್ತು. ಈಗ ಅಷ್ಟು ಧೈರ್ಯವಿಲ್ಲ. ಅವರು ಯಾರೂ ನನಗಾಗಿ ಅಲ್ಲಿ ನಿಂತವರಲ್ಲ.

ಸ್ಟುಡಿಯೋಗೆ ತಾನಾಗಿ ಹೋದವನ ವಿಷಯ ಹಾಗಲ್ಲ. ಅವನು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಅರಸೀಕೆರೆಯ ಬಸ್ಸು ಹಿಡಿದದ್ದೇ ಚೆನ್ನಾಗಿ ಕಾಣಬೇಕೆಂದು. ಯಾರಿಗೆ ಎಂಬುದನ್ನು ಅವನೂ ಪೂರ್ತಿ ಯೋಚಿಸಿರಲಾರ. ಆ ಆಸೆಯನ್ನು ಅರವತ್ತು ವರ್ಷ ತಡವಾಗಿ ಯಾರೋ ಒಬ್ಬಳು ಗಮನಿಸಿದರೆ ಅದು ಕಳ್ಳನೋಟವೆಂದು ನನಗನ್ನಿಸುವುದಿಲ್ಲ. ಗೆಳತಿ ಹೇಳಿದ ಹುಡುಗನಿಗೂ ಇದೇ ನಿಯಮ: ಆ ಹೆಂಗಸು ತಾನಾಗಿ ಕ್ಯಾಮೆರಾದ ಮುಂದೆ ಕೂತಳೋ, ಕೂರಿಸಿದರೋ ಎಂದು ಮೊದಲು ಕೇಳಿಕೊಳ್ಳಲಿ. (ಬಸ್ ಚಾರ್ಜಿಗೂ ಕಾಸಿಲ್ಲದೆ ಸ್ಟುಡಿಯೋ ಮೆಟ್ಟಿಲು ಹತ್ತದ ಚೆಲುವರು ನಮ್ಮೂರಲ್ಲೇ ಎಷ್ಟು ಮಂದಿಯೋ. ಅವರ ಮುಖ ಈಗ ಎಲ್ಲೂ ಇಲ್ಲ.)

ನಮ್ಮ ನಡುಮನೆಯಲ್ಲಿ ತಾತನ ಅಂಥದೊಂದು ಫೋಟೊ ಇದೆ. ಸೋಮವಾರ ಅಜ್ಜಿ ಅದರ ಗಾಜು ಒರೆಸಿ ವಿಭೂತಿ ಹಚ್ಚುತ್ತಾಳೆ; ಒರೆಸಿದ ಮೇಲೂ ಅಲ್ಲೇ ನಿಂತಿರುತ್ತಾಳೆ. ಧಾರೆಯ ದಿನ ತಲೆ ಎತ್ತಿರಲಿಲ್ಲವಂತೆ. ಆಮೇಲೆ ಅತ್ತೆ, ಮಾವ, ಕೊಟ್ಟಿಗೆ. ಹಗಲು ಹೊತ್ತಿನಲ್ಲಿ ಗಂಡನ ಮುಖ ನೋಡುತ್ತ ನಿಂತರೆ ಆಡಿಕೊಳ್ಳುವವರಿದ್ದರು. ತಾತನಿಗೆ ಮುಂಗೋಪ, ಉಪ್ಪು ಕಮ್ಮಿಯಾದರೆ ತಟ್ಟೆ ಅಂಗಳಕ್ಕೆ ಬೀಳುತ್ತಿತ್ತು. ಅದನ್ನು ಅಜ್ಜಿ ಮರೆತಿಲ್ಲ, ಕ್ಷಮಿಸಿದಂತೆಯೂ ಕಾಣುವುದಿಲ್ಲ.

"ತಾತ ಚೆನ್ನಾಗಿದ್ರಾ ಅಜ್ಜಿ?" ಎಂದು ಒಮ್ಮೆ ಕೇಳಿದೆ.

"ಕೋಟು ಸ್ಟುಡಿಯೋದೋರ್ದು ಮಗ," ಎಂದಳು. "ಮುಖ ಅವ್ರುದೇ."