ಸೂರಿಲ್ಲದ ಮಸೀದಿ

ಚೀನಾದ ಕ್ವಾನ್‌ಝೌ ನಗರದ ಚಿಂಗ್‌ಜಿಂಗ್ ಮಸೀದಿಯಲ್ಲಿ ಪ್ರಾರ್ಥನಾ ಮಂದಿರಕ್ಕೆ ಸೂರಿಲ್ಲ. 17ನೆಯ ಶತಮಾನದ ಆರಂಭದ ಭೂಕಂಪಕ್ಕೆ ಕುಸಿದ ಚಾವಣಿ ಮತ್ತೆ ಏಳಲಿಲ್ಲ. ಗೋಡೆಗಳು ನಿಂತಿವೆ, ಕಂಬಗಳು ಹೋಗಿವೆ. ನೆಲದಲ್ಲಿ ಕಂಬಗಳ ಪೀಠಗಳು ಮಾತ್ರ ಉಳಿದಿವೆ. ಗೋಡೆಯ ಗೂಡುಗಳಲ್ಲಿ ಕೊರೆದ ಅರಬ್ಬಿ ಅಕ್ಷರಗಳು ಮಳೆ ಬಿಸಿಲುಗಳನ್ನು ಸಮನಾಗಿ ಉಂಡಿವೆ.

ಹೆಬ್ಬಾಗಿಲ ಹಿಂಬದಿಯ ಶಾಸನ ಎರಡು ಸಂಗತಿಗಳನ್ನು ಹೇಳುತ್ತದೆ. ಹಿಜರಿ 400ರಲ್ಲಿ, ಎಂದರೆ ಕ್ರಿ.ಶ. 1009ರ ಸುಮಾರಿಗೆ, ಮಸೀದಿ ಎದ್ದಿತು. ಮುನ್ನೂರು ವರ್ಷಗಳ ಬಳಿಕ, 1310ರ ಹೊತ್ತಿಗೆ, ಷಿರಾಜ್ ಮೂಲದ ಅಹ್ಮದ್ ಎಂಬಾತ ಅದರ ಜೀರ್ಣೋದ್ಧಾರ ಮಾಡಿದ. ಕಟ್ಟಿದ್ದು ಶಿಥಿಲವಾಗುತ್ತದೆಂದು ಅವನು ಕಣ್ಣಾರೆ ಕಂಡಿದ್ದ. ಕಂಡೂ ಕೈ ಹಚ್ಚಿದ. ಕಟ್ಟುವವನಿಗೆ ಕನಸು ಸಾಕು, ದುರಸ್ತಿ ಮಾಡುವವನಿಗೆ ಅಳಿವಿನ ಅರಿವೂ ಬೇಕು.

ಅಂದು ಈ ಊರನ್ನು ಅರಬ್ಬರು ಜೈತೂನ್ ಎನ್ನುತ್ತಿದ್ದರು. ಇದರ ಬಂದರಿನ ಹಿರಿಮೆಗೆ ಪ್ರವಾಸಿ ಇಬ್ನ್ ಬತೂತ ಬೆರಗಾಗಿದ್ದ. ಅವನು ಬಂದುಹೋದ ಕೆಲವೇ ವರ್ಷಗಳಲ್ಲಿ, 1357ರಿಂದ 1366ರವರೆಗೆ, ದಂಗೆಗಳಲ್ಲಿ ನಗರ ನಲುಗಿತು. ಪರದೇಶಿ ವರ್ತಕರು ಚದುರಿಹೋದರು. ಅವರ ಸಮಾಧಿಗಲ್ಲುಗಳೆಷ್ಟೋ ಕೋಟೆಗೋಡೆಯ ಕಲ್ಲುಗಳಾದವು. 20ನೆಯ ಶತಮಾನದಲ್ಲಿ ಕೋಟೆ ಕೆಡವಿದಾಗ ಆ ಕಲ್ಲುಗಳ ಮೇಲಿನ ಹೆಸರುಗಳು ಮತ್ತೆ ಬೆಳಕು ಕಂಡವು. ವು ವೆನ್‌ಲಿಯಾಂಗ್ ಎಂಬ ವಿದ್ವಾಂಸರು ಅವುಗಳನ್ನು ಕಲೆಹಾಕಿ, 1957ರಲ್ಲಿ ಗ್ರಂಥವಾಗಿ ಹೊರತಂದರು. ಗೌರವದಿಂದ ನೆಟ್ಟ ಕಲ್ಲನ್ನು ಅನಾದರವೇ ಕಾಪಾಡಿತೆಂದರೆ, ಕಾಲ ಯಾವುದನ್ನು ಉಳಿಸುತ್ತದೆಂದು ಹೇಳಬಲ್ಲವರು ಯಾರು?

ಕಲ್ಲಿಗಿಂತ ಮೆತ್ತಗಿನದೂ ಉಳಿಯುತ್ತದೆ. ಹತ್ತಿರದ ಚೆಂದಾಯ್‌ನಲ್ಲಿ ಮುಸ್ಲಿಂ ಪೂರ್ವಜರ ಸಂತತಿಯಾದ ಡಿಂಗ್ ಮನೆತನದವರಿದ್ದಾರೆ. ಬಹುಪಾಲು ಜನ ನಮಾಜು ಬಿಟ್ಟು ತಲೆಮಾರುಗಳೇ ಸಂದಿವೆ. ಆದರೂ ಹಿರಿಯರಿಗೆ ಎಡೆಯಿಡುವಾಗ ಹಂದಿಮಾಂಸ ಇಡುವುದಿಲ್ಲ. ತಮಗೆ ಬೇಡವಾದ ನೇಮ ಸತ್ತವರಿಗೆ ಬೇಕಾಗಿತ್ತೆಂಬುದನ್ನು ಅವರು ಮರೆತಿಲ್ಲ. ನಂಬಿಕೆ ಹೋದ ಮೇಲೂ ನಂಬಿದವರ ಮೇಲಿನ ಮರ್ಯಾದೆ ಉಳಿದಿದೆ.

ಉಳಿದದ್ದನ್ನು ಎಣಿಸಿ, ಅಳಿದದ್ದಕ್ಕೆ ಮರುಗುವುದು ನಮ್ಮ ರೂಢಿ. ಹಾಗೆ ಎಣಿಸುವಾಗ, ಉಳಿಯದ್ದು ವ್ಯರ್ಥವಾಯಿತೆಂಬ ಭಾವನೆಯೂ ನಮಗರಿವಿಲ್ಲದೆ ಒಳಸೇರುತ್ತದೆ. ಆದರೆ ಮಸೀದಿಯ ಆ ಸೂರಿನ ಕೆಳಗೆ ಶತಮಾನಗಳ ಕಾಲ ಬಾಗಿದ ತಲೆಗಳಿಗೆ ಅದು ನೆರಳು ಕೊಟ್ಟಿತು. ಕುಸಿದದ್ದರಿಂದ ಆ ನೆರಳು ಸುಳ್ಳಾಗಲಿಲ್ಲ, ಅಲ್ಲಿ ಸಂದ ಪ್ರಾರ್ಥನೆ ಹಿಂದಿರುಗಲಿಲ್ಲ. ಬಾಳಿಕೆಯೊಂದೇ ಬೆಲೆಯಾಗಿದ್ದರೆ ಮನುಷ್ಯನ ಬದುಕಿಗಿಂತ ಅಗ್ಗದ್ದು ಇನ್ನಾವುದಿತ್ತು? ಮುಗಿಯುವುದನ್ನೂ ಮುತುವರ್ಜಿಯಿಂದ ನೋಡಿಕೊಳ್ಳುವುದು ಭ್ರಮೆಯಲ್ಲ. ಮುಗಿಯುತ್ತದೆಂದು ಬಲ್ಲವರಿಗೆ ಸಲ್ಲುವ ಧರ್ಮ.