ಮಾತು ಬಲ್ಲವನ ಮೂರು ವರ್ಷ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಗಾದೆಯ ಮೊದಲರ್ಧವನ್ನು ವೈದ್ಯರು ನೋಡಿಕೊಳ್ಳಲಿ. ಉಳಿದರ್ಧವನ್ನು ಒರೆಗೆ ಹಚ್ಚಲು ಜಾನ್ ಆಡಮ್ಸ್‌ನ ಲಂಡನ್ ವಾಸಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಕಂಡಿಲ್ಲ.

1785ರ ಜೂನ್ 1, ಸೇಂಟ್ ಜೇಮ್ಸ್ ಅರಮನೆ. ನಿನ್ನೆ ಮೊನ್ನೆಯವರೆಗೂ ರಾಜದ್ರೋಹಿಯಾಗಿದ್ದ ಆಡಮ್ಸ್ ಈಗ ಸ್ವತಂತ್ರ ಅಮೆರಿಕದ ಮೊದಲ ಪ್ರತಿನಿಧಿ. ಬಾಗಿಲಲ್ಲೊಮ್ಮೆ, ನಡುವಲ್ಲೊಮ್ಮೆ, ದೊರೆಯ ಎದುರಿಗೊಮ್ಮೆ ಬಾಗಿ ಮೂರನೇ ಜಾರ್ಜನ ಮುಂದೆ ನಿಂತ. ಒಂದೇ ಭಾಷೆ, ಒಂದೇ ರಕ್ತದ ಜನರ ನಡುವೆ ಹಳೆಯ ಸೌಹಾರ್ದ ಮರಳಲೆಂದು ಕೇಳಿಕೊಂಡ. ಗೆದ್ದ ಸೊಕ್ಕೂ ಇಲ್ಲ, ಬೇಡುವ ದೈನ್ಯವೂ ಇಲ್ಲ. ದೊರೆಯ ದನಿಯೂ ನಡುಗಿತಂತೆ. ಅಗಲಿಕೆಗೆ ಒಪ್ಪಿದವರಲ್ಲಿ ತಾನೇ ಕೊನೆಯವನು, ಆಗಿಹೋದ ಮೇಲೆ ಸ್ನೇಹಕ್ಕೆ ತಾನೇ ಮೊದಲಿಗ ಎಂದ. ಸೋತವನು ಅಷ್ಟು ನೇರವಾಗಿ ನುಡಿಯುವುದು ಸಣ್ಣ ಮಾತಲ್ಲ. ಆ ದಿನದ ಹೆಚ್ಚಿನ ಮರ್ಯಾದೆ ಜಾರ್ಜನದೇ ಎನ್ನುತ್ತೇನೆ.

ಇಬ್ಬರೂ ಮಾತು ಬಲ್ಲವರೇ. ಜಗಳ ಮಾತ್ರ ಅಲುಗಲಿಲ್ಲ. ಸ್ವಾತಂತ್ರ್ಯ ಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದಂತೆ ಬಿಟ್ಟುಕೊಡಬೇಕಿದ್ದ ಡೆಟ್ರಾಯಿಟ್, ನಯಾಗರಾ ಕೋಟೆಗಳಲ್ಲಿ ಬ್ರಿಟಿಷ್ ಸೈನ್ಯ ಹಾಗೇ ಕುಳಿತಿತ್ತು. ಕೋಟೆ ಬಿಡಿ ಎಂದು ಆಡಮ್ಸ್ ಲಿಖಿತವಾಗಿ ಕೇಳಿದ್ದಕ್ಕೆ, 1786ರಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾರ್ಮಾರ್ಥೆನ್ ಉದ್ದದ ಪಟ್ಟಿಯನ್ನೇ ಕೊಟ್ಟ: ನಮ್ಮ ವರ್ತಕರ ಹಳೆಯ ಸಾಲ ವಸೂಲಾಗದಂತೆ ನಿಮ್ಮ ಯಾವ ಯಾವ ರಾಜ್ಯ ಎಂಥೆಂಥ ಕಾನೂನು ಮಾಡಿದೆ, ನೋಡಿ! ಆಡಮ್ಸ್‌ಗೆ ಉತ್ತರ ಕಷ್ಟವಾಯಿತು, ಏಕೆಂದರೆ ಪಟ್ಟಿಯಲ್ಲಿ ನಿಜವಿತ್ತು. ಅಂದಿನ ಕಾಂಗ್ರೆಸ್ಸಿಗೆ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವಿತ್ತು, ರಾಜ್ಯಗಳಿಂದ ಅದನ್ನು ಪಾಲಿಸುವಂತೆ ಮಾಡುವ ಶಕ್ತಿ ಇರಲಿಲ್ಲ. ಆಡಿದ್ದನ್ನು ಮನೆಯವರು ನಡೆಸಿಕೊಡದಿದ್ದರೆ ನೆಂಟಸ್ತನಕ್ಕೆ ಹೋದವನ ಗತಿ ಏನು? ಗಾದೆಯ 'ಬಲ್ಲವ'ನಲ್ಲಿ ಈ ಬೆನ್ನಬಲವನ್ನೂ ಸೇರಿಸಿಯೇ ಓದಬೇಕು.

1788ರಲ್ಲಿ ಆಡಮ್ಸ್ ಬರಿಗೈಯಲ್ಲಿ ಮರಳಿದ. ಅವನಿದ್ದಷ್ಟು ಕಾಲವೂ ಬ್ರಿಟನ್ ಅಮೆರಿಕಕ್ಕೆ ತನ್ನ ಪ್ರತಿನಿಧಿಯನ್ನೇ ಕಳಿಸಲಿಲ್ಲ. ಅಲ್ಲಿಂದ ಮೊದಲ ಪ್ರತಿನಿಧಿಯಾಗಿ ಜಾರ್ಜ್ ಹ್ಯಾಮಂಡ್ ಬಂದದ್ದು 1791ರಲ್ಲಿ, ಒಪ್ಪಂದಗಳನ್ನು ದೇಶದ ಪರಮ ಕಾನೂನೆಂದು ಸಾರಿದ ಹೊಸ ಸಂವಿಧಾನ ಜಾರಿಯಾದ ಮೇಲೆ. 1794ರಲ್ಲಿ ಅಮೆರಿಕದ ಪರವಾಗಿ ಜಾನ್ ಜೇ ಲಂಡನ್ನಿನಲ್ಲಿ ಹೊಸ ಒಪ್ಪಂದ ಮಾಡಿಕೊಂಡ. ಬ್ರಿಟನ್ನಿಗೆ ತಲೆಬಾಗಿದನೆಂದು ಸ್ವದೇಶದವರೇ ಊರೂರಲ್ಲಿ ಅವನ ಪ್ರತಿಕೃತಿ ಸುಟ್ಟರು. ಸೆನೆಟ್‌ನಲ್ಲಿ ಒಪ್ಪಂದ 20–10ರಲ್ಲಿ, ಬೇಕಾದ ಮೂರನೇ ಎರಡರಷ್ಟು ಮತ ಸರಿಯಾಗಿ ಬಿದ್ದು, ಪಾರಾಯಿತು. ಅದರಂತೆ 1796ರಲ್ಲಿ ಕೋಟೆಗಳು ತೆರವಾದವು.